ಎರಡನೇ ಪಂಕ್ತಿ

ಹದಿನೆಂಟು ದಿನ ಹಡಗಿನಲ್ಲಿದ್ದು ಬಂದೆವು ಅಂದರೆ ಸಮುದ್ರ ಹೇಗಿತ್ತು ಎಂದು ಕೇಳಿದವರು ಇವತ್ತಿನವರೆಗೂ ಒಬ್ಬರೂ ಇಲ್ಲ. ಮಾಟುಂಗದ ಸಂಘದ ಕಾರ್ಯಕ್ರಮವಿರಲಿ, ಮುಲುಂಡಿನ ನಮ್ಮ ಕಟ್ಟಡದ ಲಿಫ್ಟಿರಲಿ, ಎಲ್ಲರದೂ ಒಂದೇ ಪ್ರಶ್ನೆ: "ಊಟಕ್ಕೆ ಏನು ಮಾಡಿದ್ರಿ?" ಜೊತೆಗೆ ಅತ್ತೆಯೂ ಇದ್ದರು ಎಂದರೆ ಕೇಳಿದವರ ಮುಖದಲ್ಲಿ ಅಯ್ಯೋ ಪಾಪ ಎಂಬ ಭಾವ. ಪಾಪ ಯಾರು, ಅತ್ತೆಯೋ ಹಡಗೋ, ಅದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

2018ರ ಮಾತು. ಇವರು ನಿವೃತ್ತರಾಗಿ ಆರು ತಿಂಗಳಾಗಿತ್ತು, ನಾನು ಬ್ಯಾಂಕಿಗೆ ಸ್ವಯಂನಿವೃತ್ತಿ ಬರೆದುಕೊಟ್ಟು ಮೂರು ತಿಂಗಳು. ಚಳಿಗಾಲವಿಡೀ ನಮ್ಮ ಕಡೆಯ ಸಮುದ್ರದಲ್ಲಿ ಓಡಾಡುತ್ತಿದ್ದ ಕೆಲವು ಪ್ರವಾಸಿ ಹಡಗುಗಳು ಆಗ ಬೇಸಗೆ ಬರುತ್ತಲೇ ಮೆಡಿಟರೇನಿಯನ್ ಕಡೆ ಹೊರಡುತ್ತಿದ್ದವು. ಹೇಗೂ ಹೋಗಲೇಬೇಕು, ಖಾಲಿ ಹೋಗುವ ಬದಲು ಎಂದು ಆ ಒಂದು ದಿಕ್ಕಿನ ಪ್ರಯಾಣದ ಟಿಕೆಟ್ಟನ್ನು ಅಗ್ಗಕ್ಕೆ ಮಾರುತ್ತಿದ್ದರು. ಇವರಿಗೆ ಅಗ್ಗ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು. ಮುಂಬೈಯಿಂದ ಹತ್ತಿ, ಒಮಾನ್, ಏಡನ್ ಕೊಲ್ಲಿ, ಕೆಂಪು ಸಮುದ್ರ, ಸುಯೆಜ್ ದಾಟಿ ಇಟಲಿಯಲ್ಲಿ ಇಳಿದು, ವಿಮಾನದಲ್ಲಿ ವಾಪಸ್ಸು. ಅತ್ತೆಗೆ ಆಗ ಎಪ್ಪತ್ತಾರು. ಒಬ್ಬರನ್ನೇ ಬಿಟ್ಟು ಹೋಗುವ ಹಾಗಿಲ್ಲ. ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ ಮೇಜು ಕುಟ್ಟಿ ಹೇಳಿದ: ಪಕ್ಕಾ ವೆಜ್ ಸಿಗುತ್ತದೆ, ಜೈನ್ ಬೇಕಾದರೆ ಅದೂ, ಆಂಟಿಗೆ ಎಂತ ತೊಂದರೆಯೂ ಇಲ್ಲ. ಮೊದಲ ಎರಡು ದಿನ ಆಂಟಿಗೆ ಸಿಕ್ಕಿದ್ದು ಬೇಯಿಸಿದ ಬೀನ್ಸ್, ಬೇಯಿಸಿದ ಕ್ಯಾರೆಟ್ಟು, ಟೊಮೆಟೊ ಹಚ್ಚಿದ ಪಾಸ್ತಾ. ಆ ಏಜೆಂಟನ ಅಂಗಡಿ ಈಗ ಇಲ್ಲ. ನನಗೆ ಬೇಸರವೂ ಇಲ್ಲ.

ಅತ್ತೆ ಕೋಟದವರು. ಮದುವೆಯಾಗಿ ಮುಂಬೈಗೆ ಬಂದದ್ದು 1964ರಲ್ಲಿ. ಮಾವನದು ಫೋರ್ಟಿನಲ್ಲಿ, ಬಲ್ಲಾರ್ಡ್ ಎಸ್ಟೇಟಿನ ಹಿಂದಿನ ಗಲ್ಲಿಯಲ್ಲಿ, ಹನ್ನೆರಡು ಮೇಜಿನ ಉಡುಪಿ ಹೋಟೆಲು. ಬಂದರಿನ ಗುಮಾಸ್ತರು, ಕಸ್ಟಮ್ಸಿನವರು, ಶಿಪ್ಪಿಂಗ್ ಕಂಪನಿಗಳ ಪ್ಯೂನುಗಳು, ಹಡಗಿಗೆ ಕಾದು ಕೂತ ಖಲಾಸಿಗಳು ಅಲ್ಲಿನ ಗಿರಾಕಿಗಳು. ಮೂವತ್ತು ವರ್ಷ ಅತ್ತೆ ಗಲ್ಲೆಯಲ್ಲಿ ಕೂತವರಲ್ಲ, ಆದರೆ ಮಸಾಲೆ ಹುರಿದದ್ದು, ಉಪ್ಪಿನಕಾಯಿ ಹಾಕಿದ್ದು, ಭಟ್ರು ಮುನಿಸಿಕೊಂಡು ಊರಿಗೆ ಹೋದ ದಿನಗಳಲ್ಲಿ ಹಿಂಬಾಗಿಲಿನಿಂದ ಬಂದು ಹುಳಿ ಕೂಡಿಸಿದ್ದು ಎಲ್ಲ ಅವರೇ. ಹೋಟೆಲಿನ ಬಾಗಿಲಿಂದ ಬಂದರಿನ ಗೇಟಿಗೆ ಹತ್ತು ನಿಮಿಷದ ನಡಿಗೆ. ಆ ಗೇಟಿನ ಒಳಗೆ ಅವರು ಒಮ್ಮೆಯೂ ಹೋದವರಲ್ಲ.

ಮಾರ್ಚ್ 30, ಗುಡ್ ಫ್ರೈಡೇ. ಟ್ಯಾಕ್ಸಿ ಬಲ್ಲಾರ್ಡ್ ಪಿಯರಿನ ಒಳಗೆ ತಿರುಗುವಾಗ ಅತ್ತೆ ಸೆರಗು ಸರಿಮಾಡಿಕೊಂಡರು, ದೇವಸ್ಥಾನದ ಮೆಟ್ಟಿಲ ಮುಂದೆ ಮಾಡಿಕೊಳ್ಳುವ ಹಾಗೆ. ಒಂದು ಕಾಲಕ್ಕೆ ವಿಲಾಯಿತಿಯ ಮೇಲ್ ಸ್ಟೀಮರುಗಳು ಇಲ್ಲಿಯೇ ನಿಲ್ಲುತ್ತಿದ್ದವು. 1928ರಲ್ಲಿ ಶುರುವಾದ ಫ್ರಂಟಿಯರ್ ಮೇಲ್ ಕೂಡ ಆಗ ಇಲ್ಲಿನ ಮೋಲ್ ಸ್ಟೇಷನ್ನಿಂದಲೇ ಹೊರಡುತ್ತಿತ್ತು, ಹಡಗಿಳಿದ ದೊರೆಗಳು ನೇರ ರೈಲು ಹತ್ತಲಿ ಎಂದು. ನಮ್ಮವರದು ಬೇರೆ ಸ್ಟೀಮರು. ಮಾವನ ದೊಡ್ಡಣ್ಣ ಮಂಗಳೂರಿನಲ್ಲಿ ಕರಾವಳಿಯ ಸ್ಟೀಮರು ಹತ್ತಿ, ಡೆಕ್ಕಿನ ಮೇಲೆ ಚಾಪೆ ಹಾಸಿ, ಅವಲಕ್ಕಿ ಬೆಲ್ಲದ ಗಂಟು ತಲೆದಿಂಬು ಮಾಡಿಕೊಂಡು ಬಂದವರಂತೆ. ಮುಂಬೈ ಕಾಣುವಷ್ಟರಲ್ಲಿ ದಿಂಬು ಖಾಲಿ. ಈ ಕತೆಯನ್ನು ಅತ್ತೆ ಇಮಿಗ್ರೇಷನ್ ಸಾಲಿನಲ್ಲಿ ನಿಂತು ಮುಂದಿದ್ದ ಗುಜರಾತಿ ಹೆಂಗಸಿಗೆ ಹಿಂದಿಯಲ್ಲಿ ಹೇಳಿದರು. ಅಷ್ಟರಲ್ಲಿ ಸ್ಕ್ಯಾನರಿನ ಹುಡುಗ ನಮ್ಮ ಚೀಲದಿಂದ ಎಲೆಕ್ಟ್ರಿಕ್ ಕೆಟಲ್ ಹೊರಗೆ ತೆಗೆದ. ಬಿಸಿಯಾಗುವ ಯಾವ ವಸ್ತುವೂ ಕ್ಯಾಬಿನ್ನಿಗೆ ಹೋಗುವ ಹಾಗಿಲ್ಲ, ಇಸ್ತ್ರಿಪೆಟ್ಟಿಗೆಯೂ ಇಲ್ಲ; ಸಮುದ್ರದ ನಡುವೆ ಬೆಂಕಿ ಎದ್ದರೆ ಓಡುವುದೆಲ್ಲಿಗೆ. ಚೀಟಿ ಕಟ್ಟಿ ಇಟ್ಟುಕೊಂಡರು, ಇಳಿಯುವಾಗ ಕೊಡುತ್ತೇವೆ ಎಂದು. ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗರಿಕೆಯ ಡಬ್ಬಿ ಪಾರಾದವು.

ಸಂಜೆ ಹಡಗು ಹೊರಡುವ ಮುಂಚೆ ಎಲ್ಲರನ್ನೂ ಲೈಫ್ ಜಾಕೆಟ್ ಸಮೇತ ಸೇರಿಸಿ ಡ್ರಿಲ್ಲು. ಏಳು ಗಿಡ್ಡ ಸೀಟಿ, ಒಂದು ಉದ್ದ. ಆಮೇಲೆ ಕ್ಯಾಬಿನ್ನಿನಲ್ಲಿ ಒಂದು ಕಾರ್ಡು ಇತ್ತು: ನಿಮ್ಮ ರಾತ್ರಿ ಊಟ ಎರಡನೇ ಸಿಟ್ಟಿಂಗ್, ಎಂಟೂವರೆಗೆ, ಮೇಜಿನ ನಂಬರು ಇಂಥದ್ದು. ದೊಡ್ಡ ಊಟದ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಹಿಡಿಸುವುದಿಲ್ಲ. ಅರ್ಧ ಜನ ಆರೂಕಾಲಕ್ಕೆ, ಉಳಿದರ್ಧ ಎಂಟೂವರೆಗೆ. ಹದಿನೇಳು ರಾತ್ರಿಯೂ ಅದೇ ಮೇಜು, ಅದೇ ಜನ, ಬಡಿಸುವವರೂ ಅವರೇ. ನಾನು ಇದನ್ನು ವಿವರಿಸಿ ಮುಗಿಸುವ ಮೊದಲೇ ಅತ್ತೆಗೆ ಅರ್ಥವಾಗಿತ್ತು.

"ಪಂಕ್ತಿ ಅಲ್ದಾ? ಎರಡ್ನೇ ಪಂಕ್ತಿಗೆ ಕೂತ್ರೆ ಪಾಯ್ಸ ಸಿಕ್ಕುದಿಲ್ಲೆ, ಮೊದಲ್ನೇದಕ್ಕೆ ಬದಲ್ಸುಕ್ ಹೇಳ್."

ಬದಲಾಗಲಿಲ್ಲ. ಬದಲಾಗದೆ ಇದ್ದದ್ದೇ ಒಳ್ಳೆಯದಾಯಿತು, ಅದನ್ನು ಮುಂದೆ ಹೇಳುತ್ತೇನೆ.

ರಾತ್ರಿಯದು ಪಂಕ್ತಿಯಾದರೆ ಹಗಲಿನದು ಜಾತ್ರೆ. ಬೆಳಿಗ್ಗೆ ಆರಕ್ಕೇ ಮೇಲಿನ ಡೆಕ್ಕಿನಲ್ಲಿ ಕಾಫಿ, ಬನ್ನು. ಏಳರಿಂದ ಹತ್ತರವರೆಗೆ ನಾಷ್ಟಾ. ತಡವಾಗಿ ಎದ್ದವರಿಗೆ ಹನ್ನೊಂದರವರೆಗೆ ಇನ್ನೊಂದು ನಾಷ್ಟಾ. ಹನ್ನೆರಡಕ್ಕೆ ಬುಫೆ ಊಟ, ಮೂರೂವರೆಗೆ ಚಹಾದ ಜೊತೆ ಕೇಕಿನ ಬೆಟ್ಟ, ಐದಕ್ಕೆ ಪೀಜ್ಜಾ, ರಾತ್ರಿ ಹನ್ನೊಂದೂವರೆಗೆ ನಿದ್ದೆ ಬಾರದವರಿಗೆ ಮತ್ತೊಂದು ಸುತ್ತು. ಒಳಗೆ ಹೋಗುವಾಗ ಬಾಗಿಲಲ್ಲಿ ಫಿಲಿಪ್ಪೀನ್ಸಿನ ಒಬ್ಬ ಹುಡುಗಿ ಹಾಡು ಹೇಳುತ್ತ ಎಲ್ಲರ ಅಂಗೈಗೂ ಔಷಧಿ ಸಿಂಪಡಿಸುತ್ತಿದ್ದಳು. ಮುಚ್ಚಿದ ಹಡಗಿನಲ್ಲಿ ಒಬ್ಬರಿಗೆ ವಾಂತಿ-ಭೇದಿ ಹತ್ತಿದರೆ ನೂರು ಜನಕ್ಕೆ ಹರಡಲು ತಡವಿಲ್ಲ, ಅದಕ್ಕೆ. ಕೈ ತೊಳೆಯದೆ ಅನ್ನದ ಹತ್ತಿರ ಬಿಡದ ಈ ಶಿಸ್ತು ಅತ್ತೆಗೆ ಬಹಳ ಹಿಡಿಸಿತು. ಉಳಿದದ್ದು ಹಿಡಿಸಲಿಲ್ಲ. "ಊಟಕ್ಕೊಂದ್ ಹೊತ್ತ್ ಇಲ್ಯಾ ಇವ್ರಿಗೆ?" ಎಂದು ಮೊದಲ ದಿನ ಕೇಳಿದರು, ಎರಡನೇ ದಿನವೂ ಕೇಳಿದರು. ಇವರು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ, ಬಾಯಿ ತುಂಬಿತ್ತು. ಮೂರನೇ ದಿನಕ್ಕೆ ಅವರ ಬೆಲ್ಟು ಒಂದು ತೂತು ಸಡಿಲವಾಯಿತು. ನನಗೆ ಆದದ್ದು ಬೇರೆ: ಹಸಿವು ಮರೆತುಹೋಯಿತು. ಬ್ಯಾಂಕಿನಲ್ಲಿ ಒಂದೂಕಾಲಕ್ಕೆ ಡಬ್ಬಿ ತೆಗೆಯುವ ಮೂವತ್ತು ವರ್ಷದ ಅಭ್ಯಾಸ, ಒಂದು ಗಂಟೆಗೇ ಹೊಟ್ಟೆ ತಾನಾಗಿ ಗುರುಗುಟ್ಟುತ್ತಿತ್ತು. ಅದು ಮೂರೇ ದಿನದಲ್ಲಿ ಮೂಕವಾಯಿತು. ತಿನ್ನುತ್ತಿದ್ದೆ, ರುಚಿಯೂ ಇತ್ತು, ಬೇಕು ಎನ್ನಿಸುತ್ತಿರಲಿಲ್ಲ ಅಷ್ಟೆ.

ಹೊತ್ತು ಕೆಟ್ಟದ್ದಕ್ಕೆ ಇನ್ನೊಂದು ಕಾರಣ ಗಡಿಯಾರ. ಪಶ್ಚಿಮಕ್ಕೆ ಹೋಗುವ ಹಡಗು ದಾರಿಯುದ್ದಕ್ಕೂ ಗಡಿಯಾರ ಹಿಂದೆ ತಿರುಗಿಸಿಕೊಳ್ಳುತ್ತ ಹೋಗುತ್ತದೆ. ಮೊದಲ ರಾತ್ರಿ ಅರ್ಧ ಗಂಟೆ; ನಮ್ಮ ದೇಶದ ಐದೂವರೆಯ ಆ ಅರ್ಧವನ್ನು ಮುಂಬೈ ಬಿಟ್ಟ ಕೂಡಲೇ ಸಮುದ್ರಕ್ಕೆ ಹಾಕಿದ ಹಾಗೆ. ಎರಡನೇ ರಾತ್ರಿ ಒಂದು ಗಂಟೆ. ಒಮಾನ್ ಬಿಟ್ಟ ರಾತ್ರಿ ಇನ್ನೊಂದು. ಹಾಸಿಗೆಯ ಮೇಲೆ ಚೀಟಿ ಇಡುತ್ತಿದ್ದರು: ಇಂದು ರಾತ್ರಿ ಎರಡು ಗಂಟೆಗೆ ಗಡಿಯಾರವನ್ನು ಒಂದಕ್ಕೆ ತಿರುಗಿಸಿ. ಹಡಗಿನಲ್ಲಿ ಗಂಟೆ ಎಷ್ಟು ಎಂಬುದು ಕ್ಯಾಪ್ಟನ್ನನ ತೀರ್ಮಾನ. ಅವನು ಎಂಟೂವರೆ ಅಂದರೆ ಎಂಟೂವರೆ.

ಅತ್ತೆಗೆ ಇದು ವಿಚಿತ್ರವೆನ್ನಿಸಲಿಲ್ಲ. ಮಾವ ಹನ್ನೆರಡು ವರ್ಷದ ಮಾಣಿಯಾಗಿ ಮುಂಬೈಗೆ ಬಂದಾಗ ಊರಲ್ಲಿ ಎರಡು ಸಮಯ ಓಡುತ್ತಿತ್ತಂತೆ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಎಂದಾದರೂ ಮುಂಬೈ ತನ್ನ ಹಳೆ 'ಬಾಂಬೆ ಟೈಮ್' ಅನ್ನು 1955ರವರೆಗೆ ಬಿಡಲಿಲ್ಲ. ಅದು 39 ನಿಮಿಷ ಹಿಂದೆ. ರೈಲು ಸ್ಟ್ಯಾಂಡರ್ಡ್ ಟೈಮಿಗೆ, ನಗರಪಾಲಿಕೆಯ ಗಡಿಯಾರ ಬಾಂಬೆ ಟೈಮಿಗೆ. ಊಟದ ಡ್ಯೂಟಿಗೆ ತಡವಾಗಿ ಬಂದ ಹುಡುಗರು ತಮಗೆ ಬೇಕಾದ ಗಡಿಯಾರ ತೋರಿಸುತ್ತಿದ್ದರು, ಧಣಿ ಇನ್ನೊಂದನ್ನು ತೋರಿಸಿ ಕಿವಿ ಹಿಂಡುತ್ತಿದ್ದರು ಎಂದು ಮಾವ ನಗುತ್ತಿದ್ದುದು ನನಗೂ ನೆನಪಿದೆ.

ನಮ್ಮ ಮೇಜಿನ ಮೇಲ್ವಿಚಾರಣೆ ನೋಡುತ್ತಿದ್ದ ಹೆಡ್ ವೇಟರ್ ಗೋವಾದ ಸಾಸಷ್ಟಿಯವರು. ಐವತ್ತರ ಆಸುಪಾಸು, ಬೋಳುತಲೆ, ಬೂಟಿನ ಮೇಲೆ ಒಂದು ಧೂಳಿನ ಕಣ ಇಲ್ಲ. ಹೆಸರು ಬರೆಯುವುದಿಲ್ಲ, ಹಡಗಿನ ಹೆಸರನ್ನೂ; ಯಾಕೆಂದು ಮುಂದೆ ತಿಳಿಯುತ್ತದೆ. ಎರಡನೇ ರಾತ್ರಿ ಅತ್ತೆಯ ತಟ್ಟೆಯಲ್ಲಿ ಬೀನ್ಸು ಹಾಗೆಯೇ ಉಳಿದದ್ದು ನೋಡಿ, ಬಗ್ಗಿ, ಬಾಂಬೆ ಹಿಂದಿಯಲ್ಲಿ "ಅಮ್ಮಾ, ನಾಳೆಗೆ ಏನು ಬೇಕು ಈಗಲೇ ಹೇಳಿ" ಎಂದರು. ಅದೇ ಗುಟ್ಟು. ಅಡುಗೆಮನೆಗೆ ಒಂದು ದಿನ ಮುಂಚೆ ಹೇಳಿದರೆ ಭಾರತದ ಅಡುಗೆಯವನೊಬ್ಬ ದಾಲ್, ಪಲ್ಯ, ಅನ್ನ ಬೇರೆಯಾಗಿ ಮಾಡಿಕೊಡುತ್ತಾನೆ. ಅವರ ತಂದೆಯೂ ಹಡಗಿನವರೇ, ಕೊಂಕಣಿಯಲ್ಲಿ ತಾರ್ವಟಿ. ಹಡಗು ಸಿಗುವವರೆಗೆ ಮುಂಬೈಯ ಧೋಬಿ ತಲಾವಿನಲ್ಲಿ ತಮ್ಮ ಊರಿನ 'ಕೂಡ್'ನಲ್ಲಿ ಇರುತ್ತಿದ್ದರಂತೆ: ಊರಿಗೊಂದು ಕೋಣೆ, ಗೋಡೆಗೆ ಊರ ಸಂತನ ಪಟ, ಸಾಲಾಗಿ ಕಬ್ಬಿಣದ ಟ್ರಂಕು. ಬೆಳಿಗ್ಗೆ ಶಿಪ್ಪಿಂಗ್ ಆಫೀಸಿನ ಸಾಲಿನಲ್ಲಿ ನಿಂತು, ಹತ್ತಿರದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದರಂತೆ. ಆ ಹೋಟೆಲು ನಮ್ಮದೇ ಎಂದು ಅತ್ತೆ ಅಲ್ಲೇ ತೀರ್ಮಾನಿಸಿಬಿಟ್ಟರು. ಫೋರ್ಟಿನಲ್ಲಿ ಆಗ ಗಲ್ಲಿಗೊಂದು ಉಡುಪಿ ಹೋಟೆಲು. ನಾನು ಬಾಯಿ ಬಿಡಲಿಲ್ಲ.

ಏಪ್ರಿಲ್ 1, ಭಾನುವಾರ, ಅಡುಗೆಮನೆ ನೋಡಲು ಕರೆದರು. ಸಮುದ್ರದ ಮೇಲೇ ಇರುವ ದಿನಗಳಲ್ಲಿ ಪ್ರಯಾಣಿಕರಿಗೆ ಬೇಜಾರಾಗದಿರಲಿ ಎಂದು ಹೀಗೆ ಏನಾದರೂ ಇಡುತ್ತಾರೆ: ಕರವಸ್ತ್ರ ಮಡಚುವುದು, ಕಲ್ಲಂಗಡಿಯಲ್ಲಿ ನವಿಲು ಕೆತ್ತುವುದು, ಬಿಂಗೋ. ಅತ್ತೆ ಬಿಂಗೋಗೆ ಬರಲಿಲ್ಲ, ಅಡುಗೆಮನೆಗೆ ಎಲ್ಲರಿಗಿಂತ ಮುಂದೆ. ಒಳಗೆ ಎಲ್ಲವೂ ಸ್ಟೀಲು. ನೆಲ, ಗೋಡೆ, ಮೇಜು ಯಾವುದರಲ್ಲೂ ಒಂದು ಮೂಲೆಯಲ್ಲಿ ಜಿಡ್ಡಿಲ್ಲ. ಒಲೆಯ ಅಂಚಿಗೆಲ್ಲ ಸರಳು, ಹಡಗು ಓಲಾಡಿದಾಗ ಪಾತ್ರೆ ಜಾರದಂತೆ. ಗ್ಯಾಸಿಲ್ಲ, ಉರಿಯೇ ಇಲ್ಲ, ಎಲ್ಲ ವಿದ್ಯುತ್ತು. ಅತ್ತೆ ನಿಂತೇಬಿಟ್ಟರು. "ಬೆಂಕಿ ಇಲ್ದೆ ಒಗ್ಗರಣಿ ಹ್ಯಾಂಗೆ ಹಾಕ್ತ್ರ್?" ನಾನು ಇಂಗ್ಲಿಷಿಗೆ ತಿರುಗಿಸಿ ಕೇಳಿದೆ. ಮುಖ್ಯ ಬಾಣಸಿಗ ಇಟಲಿಯವನು, ಬಿಸಿ ತಟ್ಟೆಯ ಮೇಲೆ ಬಾಣಲೆ ಇಟ್ಟು ತೋರಿಸಿದ. ಅತ್ತೆ ತಲೆಯಾಡಿಸಿದರು, ಒಪ್ಪಿದ ತಲೆ ಅಲ್ಲ.

ಒಪ್ಪಿದ್ದು ಹಲಗೆಗಳ ಮುಂದೆ. ತರಕಾರಿ ಹೆಚ್ಚುವುದಕ್ಕೆ ಹಸಿರು ಹಲಗೆ, ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ. ಒಂದರ ಚಾಕು ಇನ್ನೊಂದಕ್ಕೆ ತಾಗುವ ಹಾಗಿಲ್ಲ, ಕೆಂಪು ಹಲಗೆಯಲ್ಲಿ ಕೈಯಾಡಿಸಿದವನು ಕೈ ತೊಳೆಯದೆ ಹಸಿರಿನ ಹತ್ತಿರ ಸುಳಿಯುವ ಹಾಗಿಲ್ಲ. ಅಮೆರಿಕದ ಆರೋಗ್ಯ ಇಲಾಖೆಯವರು ತಮ್ಮ ಬಂದರಿಗೆ ಬರುವ ಪ್ರವಾಸಿ ಹಡಗುಗಳನ್ನು 1970ರ ದಶಕದಿಂದ ಹೇಳದೆ ಕೇಳದೆ ಹತ್ತಿ ಪರೀಕ್ಷೆ ಮಾಡುತ್ತಾರೆ. ನೂರಕ್ಕೆ 86 ಅಂಕ ಬಂದರೆ ಪಾಸು, 85 ಬಂದರೆ ಫೇಲು. ಆ ಪರೀಕ್ಷೆಯ ಭಯ ಅಲ್ಲಿಗೆ ಹೋಗದ ಹಡಗಿನಲ್ಲೂ ಇದೆ. ಬಿಸಿ ಇಡಬೇಕಾದದ್ದು 57 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ತಣ್ಣಗಿಡಬೇಕಾದದ್ದು 5 ಡಿಗ್ರಿ ದಾಟಬಾರದು, ಗಂಟೆಗಂಟೆಗೂ ಅಳೆದು ಪುಸ್ತಕದಲ್ಲಿ ಬರೆಯಬೇಕು ಎಂದ ಬಾಣಸಿಗ. ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ಇದ್ ಮಡಿಯೇ ಅಲ್ದಾ?" ಅಂದರು. ಮಡಿಯೇ. ನಮ್ಮ ಮನೆಯಲ್ಲಿ ಒದ್ದೆ ಸೀರೆ, ಇಲ್ಲಿ ಹಸಿರು ಹಲಗೆ.

ಆಮೇಲೆ ಅತ್ತೆ ಕೇಳಿದ ಪ್ರಶ್ನೆಗೆ ಬಾಣಸಿಗ ಸ್ವಲ್ಪ ತಡೆದ. ಇಷ್ಟು ಜನದ ಸಾರಿಗೆ "ಉಪ್ಪ್ ಕಾಂಬುದ್ ಯಾರ್?" ಅವನು ಎದೆ ಮುಟ್ಟಿಕೊಂಡು, ನಾನು, ಪ್ರತಿ ದಿನ, ಐದೂವರೆಗೆ, ಎಲ್ಲವನ್ನೂ ಒಂದೊಂದು ಚಮಚ ಎಂದ. ಆಗ ಅವರಿಬ್ಬರ ನಡುವೆ ಆದ ತಲೆಯಾಟಕ್ಕೆ ಭಾಷಾಂತರ ಬೇಕಾಗಲಿಲ್ಲ.

ಕೊನೆಗೆ ತೋರಿಸಿದ ಯಂತ್ರ ಅತ್ತೆಯ ಮನಸ್ಸು ಕೆಡಿಸಿತು. ಬುಫೆಯಲ್ಲಿ ಹೊತ್ತು ಮೀರಿದ ಅಡುಗೆ, ತಟ್ಟೆಯಲ್ಲಿ ಬಿಟ್ಟ ಊಟ ಎಲ್ಲ ಅದರೊಳಗೆ ಹೋಗಿ ಅರೆದು ಬರುತ್ತದೆ. 25 ಮಿಲಿಮೀಟರ್ ಜಾಲರಿಯಲ್ಲಿ ದಾಟುವಷ್ಟು ಸಣ್ಣಗಾದರೆ ತೀರದಿಂದ ಮೂರು ನಾಟಿಕಲ್ ಮೈಲಿ ಆಚೆ ಸಮುದ್ರಕ್ಕೆ ಬಿಡಬಹುದು, ಮೆಡಿಟರೇನಿಯನ್ನಿನಂಥ ಕಡೆ ಹನ್ನೆರಡು ಮೈಲಿ. ಪ್ಲಾಸ್ಟಿಕ್ಕಿನ ಒಂದು ಚೂರೂ ಹೋಗಬಾರದು. ಅತ್ತೆಗೆ ಮೈಲಿಯ ಲೆಕ್ಕ ಬೇಕಿರಲಿಲ್ಲ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವ, ಉಳಿದ ಪಲ್ಯ ಬೋಂಡದ ಹೊಟ್ಟೆ ಸೇರುವ ಹೋಟೆಲು ನಡೆಸಿದವರು. ಇವರ ಕಡೆ ತಿರುಗಿ ನೋಡಿದರು, ಮಾತಾಡಲಿಲ್ಲ. ಆವತ್ತಿಂದ ಇವರು ಬುಫೆಯಲ್ಲಿ ತಟ್ಟೆ ತುಂಬಿಸುವಾಗ ಮೊದಲು ಅತ್ತೆ ಎಲ್ಲಿ ಕೂತಿದ್ದಾರೆ ಎಂದು ಹುಡುಕುತ್ತಿದ್ದರು.

ಆ ಭಾನುವಾರ ಈಸ್ಟರ್. ಬುಫೆಯ ನಡುವೆ ಬ್ರೆಡ್ಡಿನ ಮೊಲ, ಚಾಕಲೇಟಿನ ಮೊಟ್ಟೆಗಳು. ಹೆಡ್ ವೇಟರಿಗೆ ಆ ರಾತ್ರಿ ಕಣ್ಣು ಕೆಂಪು. ಹಿಂದಿನ ರಾತ್ರಿ ಎರಡನೇ ಪಂಕ್ತಿ ಮುಗಿಸಿ, ಮೇಜು ಮರುದಿನಕ್ಕೆ ಸಜ್ಜುಮಾಡಿ, ಹನ್ನೆರಡು ಗಂಟೆಗೆ ಸಿಬ್ಬಂದಿಯ ಊಟದ ಕೋಣೆಯಲ್ಲಿ ಗೋವಾದವರೂ ಫಿಲಿಪ್ಪೀನ್ಸಿನವರೂ ಸೇರಿ ಪ್ರಾರ್ಥನೆ ಮಾಡಿದ್ದರಂತೆ. ಬೆಳಿಗ್ಗೆ ಆರೂವರೆಗೆ ಮತ್ತೆ ನಾಷ್ಟಾದ ಡ್ಯೂಟಿ. ಎಂಟು ಒಂಬತ್ತು ತಿಂಗಳು ವಾರದ ರಜೆ ಎಂಬುದಿಲ್ಲದೆ ಹೀಗೆಯೇ. ದಿನಕ್ಕೆ ಹತ್ತು ಗಂಟೆ ವಿಶ್ರಾಂತಿ ಕೊಡಬೇಕೆಂದು ಅಂತರರಾಷ್ಟ್ರೀಯ ಕಾನೂನಿದೆ, ಆದರೆ ಆ ಹತ್ತನ್ನು ಎರಡು ತುಂಡು ಮಾಡಲು ಅವಕಾಶವೂ ಅದರಲ್ಲೇ ಇದೆ. "ಗಡಿಯಾರ ಹಿಂದೆ ಹೋಗುವ ರಾತ್ರಿ ನಮಗೆ ಹಬ್ಬ ಅಮ್ಮಾ, ಒಂದು ಗಂಟೆ ಹೆಚ್ಚು ನಿದ್ದೆ" ಎಂದರು. ಪೂರ್ವಕ್ಕೆ ಬರುವಾಗ? ಅವರು ನಕ್ಕರು. ನಮಗೆ ಮಜಾ ಎನ್ನಿಸಿದ ಆ ಚೀಟಿ ಕೆಳಗಿನ ಡೆಕ್ಕಿನಲ್ಲಿ ಸಂಬಳಕ್ಕೆ ಸಮ ಎಂದು ನನಗೆ ಹೊಳೆದದ್ದೇ ಆವಾಗ.

ಸೋಮವಾರ ಸಲಾಲಾ. ಒಮಾನ್ ಎಂದರೆ ಮರಳು ಎಂದುಕೊಂಡಿದ್ದೆ. ರಸ್ತೆ ಬದಿಯಲ್ಲಿ ತೆಂಗಿನ ತೋಟ, ಬಾಳೆಗೊನೆ ನೇತುಹಾಕಿದ ಅಂಗಡಿಗಳ ಸಾಲು, ಪಪ್ಪಾಯಿ. ಮಳೆಗಾಲದ ಮೋಡ ಅರಬ್ ದೇಶದ ಆ ಮೂಲೆಯನ್ನೂ ತಾಗಿ ಹೋಗುತ್ತದೆಯಂತೆ. ಅತ್ತೆ ಎಳನೀರು ಕುಡಿದು, "ಸಾಲಿಗ್ರಾಮದ್ ಪೇಟೆ ಕಂಡಂಗ್ ಆತ್ತ್" ಎಂದು ಒಂದು ತೆಂಗಿನಕಾಯಿ ಚೌಕಾಸಿ ಮಾಡಿ ಕೊಂಡರು. ಹಡಗಿನ ಬಾಗಿಲಲ್ಲಿ ಅದನ್ನು ಕಿತ್ತಿಟ್ಟುಕೊಂಡರು. ಹೊರಗಿನ ಹಣ್ಣುಕಾಯಿ ಒಳಗೆ ಬರುವ ಹಾಗಿಲ್ಲ. ಅತ್ತೆ ವಾದಿಸಿದರು, ಇದು ತಿನ್ನಲಿಕ್ಕಲ್ಲ, ದೇವರಿಗೆ ಎಂದು. ಕಾಯಿ ಕಸದ ಡಬ್ಬಿಗೆ ಬಿದ್ದ ಸದ್ದು ನಾವೆಲ್ಲ ಕೇಳಿದೆವು.

ದೇವರಿಗೆ ಯಾಕೆಂದರೆ ಮರುದಿನ ಏಪ್ರಿಲ್ 3, ಮಂಗಳವಾರ, ಅಂಗಾರಕ ಸಂಕಷ್ಟಿ. ಮಂಗಳವಾರ ಬರುವ ಸಂಕಷ್ಟಿ ವರ್ಷಕ್ಕೆ ಎರಡೋ ಮೂರೋ. ಆ ದಿನ ಪ್ರಭಾದೇವಿಯ ಸಿದ್ಧಿವಿನಾಯಕನ ಸಾಲು ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ, ಊರಲ್ಲಿ ಆನೆಗುಡ್ಡೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅತ್ತೆ ಬೆಳಗಿನಿಂದ ಹಾಲು, ಎರಡು ಬಾಳೆಹಣ್ಣು ಬಿಟ್ಟರೆ ಏನೂ ಮುಟ್ಟುವುದಿಲ್ಲ. ರಾತ್ರಿ ಚಂದ್ರನನ್ನು ಕಂಡು, ಅರ್ಘ್ಯ ಬಿಟ್ಟು ಊಟ. ಮುಲುಂಡಿನಿಂದ ಕಾಲನಿರ್ಣಯದ ಏಪ್ರಿಲ್ ಹಾಳೆ ಮಡಚಿ ತಂದಿದ್ದರು. ಆದರೆ ಅದರಲ್ಲಿ ಮುಂಬೈಯ ಚಂದ್ರೋದಯವಿದೆ, ಪುಣೆಯದಿದೆ, ಏಡನ್ ಕೊಲ್ಲಿಯದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಬೆಳಿಗ್ಗೆ ಬಾಗಿಲ ಕೆಳಗಿನಿಂದ ಬಂದ ಕ್ಯಾಪ್ಟನ್ನನ ಪತ್ರ. ಕಡಲ್ಗಳ್ಳರ ಹಾವಳಿ ಇದ್ದ ಪ್ರದೇಶ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೊರಗಿನ ಡೆಕ್ಕುಗಳೆಲ್ಲ ಬಂದ್, ಎಲ್ಲ ಕಿಟಕಿಗೂ ಪರದೆ, ಹೊರಗೆ ಬೆಳಕು ಕಾಣಬಾರದು. ಹತ್ತೂವರೆಗೆ ಡ್ರಿಲ್ಲು: ಎಲ್ಲರೂ ಕ್ಯಾಬಿನ್ ಬಿಟ್ಟು ಒಳಗಿನ ಓಣಿಯಲ್ಲಿ ನೆಲದ ಮೇಲೆ ಕೂರಬೇಕು, ಹಡಗು ಒಮ್ಮೆಲೇ ತಿರುಗಿದರೆ ಬೀಳದ ಹಾಗೆ. ಕೂತೆವು. ಕಾರ್ಪೆಟ್ಟಿನ ಮೇಲೆ ಸಾಲಾಗಿ ಜರ್ಮನಿಯವರು, ಇಟಲಿಯವರು, ಬೊರಿವಲಿಯವರು. ಅತ್ತೆ ಅಷ್ಟೋತ್ತರ ಹೇಳಿಕೊಳ್ಳುತ್ತಿದ್ದರು. ಭಾರತದ ನೌಕಾಪಡೆ 2008ರಿಂದಲೂ ಇಲ್ಲಿ ಕಾವಲಿದೆ ಎಂದು ಇವರು ಎಲ್ಲರಿಗೂ ಹೇಳಿ ಧೈರ್ಯ ತುಂಬಿದರು, ಮುಖ್ಯವಾಗಿ ತಮಗೆ.

ಮಧ್ಯಾಹ್ನ ನಾನು ಹೆಡ್ ವೇಟರನ್ನು ಹಿಡಿದು ವಿಷಯ ಹೇಳಿದೆ. ಅವರು ಉಪವಾಸ ಎಂಬ ಶಬ್ದ ಕೇಳಿ ಪೆನ್ನು ಕೆಳಗಿಟ್ಟರು. ಅವರದು ನಲವತ್ತು ದಿನದ್ದು ಮೊನ್ನೆ ತಾನೆ ಮುಗಿದಿತ್ತು. ಈಸ್ಟರ್ ಕೂಡ ಚಂದ್ರನ ಲೆಕ್ಕದ್ದೇ, ವಸಂತದ ಹುಣ್ಣಿಮೆ ಕಳೆದ ಭಾನುವಾರ. ಅವರ ಹಬ್ಬವೂ ನಮ್ಮ ಸಂಕಷ್ಟಿಯೂ ಅದೇ ಹುಣ್ಣಿಮೆಯಿಂದ ಎಣಿಸಿದ್ದು. ಸಂಜೆ ಐದಕ್ಕೆ ಕ್ಯಾಬಿನ್ನಿಗೆ ಚೀಟಿ ಬಂತು. ಊಟದ ಆರ್ಡರು ಬರೆದುಕೊಳ್ಳುವ ಪುಸ್ತಕದಿಂದ ಹರಿದ ಹಾಳೆ, ನೀಲಿ ಶಾಯಿ: '20:47. ಹಿಂಬದಿ, ಎಡ ಮೂಲೆ.' ಮೇಲೆ ಹಡಗು ನಡೆಸುವವರನ್ನು ಕೇಳಿಸಿದ್ದರು. ಅವರ ಹತ್ತಿರ 1767ರಿಂದ ವರ್ಷವರ್ಷವೂ ಬರುತ್ತಿರುವ ನಾಟಿಕಲ್ ಅಲ್ಮನಾಕ್ ಇರುತ್ತದೆ, ಸೂರ್ಯ ಚಂದ್ರ ಗ್ರಹ ನಕ್ಷತ್ರ ಎಲ್ಲದರ ದಿನದಿನದ ಲೆಕ್ಕ. ಹಡಗು ಇರುವ ಜಾಗಕ್ಕೆ ತಿದ್ದಿಕೊಂಡರೆ ಚಂದ್ರ ಹುಟ್ಟುವ ನಿಮಿಷ ಸಿಗುತ್ತದೆ. "ಕಾಣ್, ಅವ್ರಿಗೂ ಪಂಚಾಂಗ ಬೇಕ್" ಎಂದರು ಅತ್ತೆ.

ಎಂಟೂವರೆಗೆ ಎರಡನೇ ಪಂಕ್ತಿ. ಊಟದ ಕೋಣೆ ಇದ್ದದ್ದು ಹಡಗಿನ ಹಿಂತುದಿಯಲ್ಲಿ. ನಾವು ಹೋಗುತ್ತಿದ್ದದ್ದು ಪಶ್ಚಿಮಕ್ಕೆ, ಅಂದರೆ ಪೂರ್ವ ದಿಕ್ಕು ನಮ್ಮ ಬೆನ್ನಿಗೆ, ಆ ಕಿಟಕಿಗಳ ಆಚೆ. ಕಿಟಕಿಗೆಲ್ಲ ದಪ್ಪ ಕೆಂಪು ಪರದೆ. ಎಂಟೂ ಐವತ್ತಕ್ಕೆ ಹೆಡ್ ವೇಟರ್ ಬಂದು ಅತ್ತೆಯ ಕುರ್ಚಿ ಎಳೆದರು, ಮೂಲೆಯ ಕಿಟಕಿಗೆ ಕರೆದುಕೊಂಡು ಹೋದರು. ಪಕ್ಕದ ಎರಡು ದೀಪ ಮೊದಲೇ ಆರಿಸಿದ್ದರು. ಪರದೆ ಸರಿಸುವ ಹಾಗಿಲ್ಲ; ಬದಿಯಿಂದ ಎತ್ತಿ ಅತ್ತೆಯ ತಲೆಯ ಮೇಲೆ ಇಳಿಬಿಟ್ಟರು. ಹಳೆ ಕಾಲದ ಫೋಟೋ ತೆಗೆಯುವವನು ಕರಿಬಟ್ಟೆಯೊಳಗೆ ತಲೆ ತೂರಿಸಿದ ಹಾಗೆ ಅತ್ತೆ ಸೊಂಟದವರೆಗೆ ಮಾಯ. ಹೊರಗೆ ಹಸಿರು ಸೀರೆಯ ನೆರಿಗೆ, ಹವಾಯಿ ಚಪ್ಪಲಿ.

ಐದು ನಿಮಿಷ ಏನೂ ಇಲ್ಲ. ಸುತ್ತಲ ಮೇಜುಗಳಲ್ಲಿ ಸೂಪಿನ ಚಮಚಗಳು ನಿಂತವು. ಇವರು ಕಾಲು ಬದಲಿಸುತ್ತ ನಿಂತಿದ್ದರು. ಒಳಗಿಂದ ದನಿ: "ಮೋಡ." ಮತ್ತೆ ಸ್ವಲ್ಪ ಹೊತ್ತು. ಆಮೇಲೆ ಪರದೆಯ ಅಡಿಯಿಂದ ಬಳೆಯ ಕೈಯೊಂದು ಹೊರಗೆ ಬಂತು, ಅಂಗೈ ಮೇಲೆ ಮಾಡಿ. ನಾನು ಉದ್ಧರಣೆಯಲ್ಲಿ ನೀರು ತುಂಬಿ ಕೊಟ್ಟೆ. ಕೈ ಮತ್ತೆ ಬಂತು: ಬಿಡುವುದಕ್ಕೆ ತಟ್ಟೆ. ಹೆಡ್ ವೇಟರ್ ಪಕ್ಕದ ಮೇಜಿನಿಂದ ಕಪ್ಪಿನಡಿಯ ಬಸಿ ಎತ್ತಿ ಕೊಟ್ಟರು. ಮೂರು ಸಲ ನೀರು ಬಸಿಗೆ ಬಿದ್ದ ಸದ್ದು. ಆಮೇಲೆ ನನ್ನನ್ನೂ ಒಳಗೆ ಎಳೆದುಕೊಂಡರು. ಗಾಜಿಗೆ ಹಣೆ ತಾಗಿಸಿ ನೋಡಿದೆ. ಕೆಳಗೆ ಹಡಗು ಬಿಟ್ಟು ಬಂದ ಬಿಳಿ ನೊರೆಯ ದಾರಿ ಕತ್ತಲೊಳಗೆ ಹೋಗಿತ್ತು. ಅದರಿಂದ ಬಲಕ್ಕೆ, ನೀರಿಗೆ ತಾಗಿದ ಹಾಗೆ, ಬೆಂದ ಸಿಹಿಗುಂಬಳದ ಬಣ್ಣದ ಚಂದ್ರ, ಮೇಲ್ಗಡೆ ಸ್ವಲ್ಪ ಸವೆದಿತ್ತು. ಅತ್ತೆಯ ಉಸಿರಿನಲ್ಲಿ ಬೆಳಗಿನಿಂದ ಉಣ್ಣದ ಹೊಟ್ಟೆಯ ವಾಸನೆ. ಬಹಳ ದಿನಗಳ ಮೇಲೆ ನನಗೆ ಹಸಿವಾಯಿತು.

ಹೆಡ್ ವೇಟರ್ ಮೋದಕದ ಬಗ್ಗೆಯೂ ಕೇಳಿ ತಿಳಿದಿದ್ದರು. ತೆಂಗಿನಕಾಯಿ, ಸಿಹಿ, ಉಂಡೆ. ಬೆಳ್ಳಿ ಮುಚ್ಚಳ ಎತ್ತಿದರೆ ತಟ್ಟೆಯಲ್ಲಿ ಇಪ್ಪತ್ತೊಂದು ತೆಂಗಿನ ಮಕರೂನು, ಹೊಂಬಣ್ಣಕ್ಕೆ ಬೆಂದದ್ದು. ಅತ್ತೆ ಕೈ ಚಾಚಿದವರು ತಡೆದು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮಕರೂನು ಕೂಡುವುದೇ ಮೊಟ್ಟೆಯ ಬಿಳಿಯಿಂದ. ಆ ಮನುಷ್ಯ ಕೆನ್ನೆ ಕೆಂಪಾಗಿ "ಸಾರಿ ಅಮ್ಮಾ, ಸಾರಿ" ಎನ್ನುತ್ತ ತಟ್ಟೆ ಎತ್ತಿಕೊಂಡು ಓಡಿದರು. ತಿರುಗಿ ಬರುವಾಗ ಒಂದು ಬಟ್ಟಲಲ್ಲಿ ಒಣಕೊಬ್ಬರಿಯ ತುರಿ, ಕಂದು ಸಕ್ಕರೆ. ಇನ್ನೊಂದು ಸ್ಟೀಲಿನ ಬಟ್ಟಲಲ್ಲಿ ಬಿಸಿ ಬಿಸಿ ಅನ್ನ, ಪ್ರಯಾಣಿಕರಿಗೆ ಬಡಿಸುವ ಉದುರು ಬಾಸ್ಮತಿಯಲ್ಲ, ದಪ್ಪ ಅಕ್ಕಿಯದು, ಕೆಳಗಿನ ಡೆಕ್ಕಿನಲ್ಲಿ ಸಿಬ್ಬಂದಿ ಉಣ್ಣುವ ಅನ್ನ. ಅದನ್ನು ಮೇಲೆ ತರುವುದು ನಿಯಮಕ್ಕೆ ವಿರುದ್ಧ. ಹೆಸರು ಬರೆಯದಿರುವುದು ಇದಕ್ಕೇ. ಅತ್ತೆ ಮೊಸರು ಕಲಸಿ, ಮಿಡಿ ಕಚ್ಚಿಕೊಂಡು, ಬೆಳ್ಳಿಯ ಫೋರ್ಕುಗಳನ್ನೆಲ್ಲ ಬದಿಗೆ ಸರಿಸಿ ಕೈಯಲ್ಲಿ ಉಂಡರು. ನಾನೂ. ಎರಡನೇ ಸಲ ಬಡಿಸಿಕೊಂಡೆವು. ಮೂರನೇ ಸಲ ಕೇಳಿದಾಗ ಅನ್ನ ಮುಗಿದಿತ್ತು.

"ಹೇಳ್ಲಿಲ್ಯಾ," ಎಂದರು ಅತ್ತೆ, "ಎರಡ್ನೇ ಪಂಕ್ತಿ."

ಉಳಿದದ್ದು ನಿಮಗೆ ವಿಡಿಯೋಗಳಲ್ಲೇ ಸಿಗುತ್ತದೆ. ಸುಯೆಜಿನಲ್ಲಿ ಎರಡೂ ಕಡೆ ಮರಳು, ನಡುವೆ ಓಣಿಯಲ್ಲಿ ಹೋಗುವ ಬಸ್ಸಿನ ಹಾಗೆ ಹಡಗು. ಗ್ರೀಸಿನಲ್ಲಿ ಚಳಿ. ಗಡಿಯಾರ ಈಜಿಪ್ಟಿಗೊಮ್ಮೆ ಹಿಂದೆ, ಗ್ರೀಸಿಗೊಮ್ಮೆ ಮುಂದೆ, ಇಟಲಿಗೆ ಮತ್ತೆ ಹಿಂದೆ; ನಾನು ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿದ್ದೆ. ಇಳಿಯುವ ಬೆಳಿಗ್ಗೆ ಕೊನೆಯ ಸಲ ಊಟದ ಕೋಣೆಯ ಮುಂದೆ ಹಾದೆವು. ನಮ್ಮ ಮೇಜಿಗೆ ಹೊಸ ಬಟ್ಟೆ ಹಾಸಿ, ಹೊಸಬರ ಹೆಸರಿನ ಕಾರ್ಡು ಇಡುತ್ತಿದ್ದರು. ಹೆಡ್ ವೇಟರ್ ಬಾಗಿಲವರೆಗೆ ಬಂದು ಅತ್ತೆಯ ಕಾಲು ಮುಟ್ಟಲು ಬಗ್ಗಿದರು, ಅತ್ತೆ ಬಿಡಲಿಲ್ಲ. ಕೆಟಲ್ ವಾಪಸ್ಸು ಸಿಕ್ಕಿತು. ಹದಿನೇಳು ರಾತ್ರಿಗಳಲ್ಲಿ ಒಂದೊಂದಾಗಿ ಕೊಟ್ಟಿದ್ದ ಮೂರೂವರೆ ಗಂಟೆಯನ್ನು ವಿಮಾನ ಒಂದೇ ರಾತ್ರಿಯಲ್ಲಿ ಕಿತ್ತುಕೊಂಡಿತು.

ಮುಂದಿನ ಸಂಕಷ್ಟಿ ಮೇ ತಿಂಗಳಲ್ಲಿ, ಮುಲುಂಡಿನಲ್ಲಿ. ಮೊದಲೆಲ್ಲ ನಮ್ಮ ಬಾಲ್ಕನಿಯಿಂದ ಖಾಡಿಯ ಕಡೆ ಚಂದ್ರ ಹುಟ್ಟುವುದು ಕಾಣುತ್ತಿತ್ತು. ಈಗ ಅಲ್ಲಿ ಮೂವತ್ತು ಮಹಡಿಯ ಟವರು. ಕಾಲನಿರ್ಣಯದ ಹೊತ್ತು ದಾಟಿ ಇಪ್ಪತ್ತು ನಿಮಿಷವಾಯಿತು, ಮೋದಕ ಆರುತ್ತಿತ್ತು. ಎದ್ದಿರುತ್ತಾನೆ ಅಮ್ಮಾ, ಟವರಿನ ಹಿಂದಿದ್ದಾನೆ, ಕೈಮುಗಿದು ಊಟ ಮಾಡು ಎಂದು ಇವರು ಹೇಳಿದರು. ಕಾಣದೆ ಉಣ್ಣುವುದಿಲ್ಲ ಎಂದರು ಅತ್ತೆ. ಲಿಫ್ಟಿನಲ್ಲಿ ಟೆರೇಸಿಗೆ ಹೋದೆವು. ಬೀಗ. ವಾಚ್‌ಮನ್ನಿಗೆ ಫೋನು ಮಾಡಿದರೆ ಕೀಲಿ ಸೆಕ್ರೆಟರಿಯ ಹತ್ತಿರ, ಸೆಕ್ರೆಟರಿ ಲೋನಾವಳೆಯಲ್ಲಿ.

ಇಳಿಯುವಾಗ ಲಿಫ್ಟಿನ ಗೋಡೆಗೆ ಒರಗಿ, ಪಂಚಪಾತ್ರೆ ಎದೆಗೆ ಹಿಡಿದುಕೊಂಡು ಅತ್ತೆ ಅಂದರು: "ಹಡಗೇ ಲಾಯ್ಕ್ ಇದ್ದಿತ್ತ್."